ಮೂರನೇ ಬಾಟಲಿ

ರೇಡಿಯೇಟರ್ ಬದಲಾಯಿಸುವುದೇನು ಅಂಥ ಮಹಾ ವಿದ್ಯೆಯಲ್ಲ ಎಂದು ತಮ್ಮ ಹೇಳಿದ್ದು ಬುಧವಾರ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಕಾರಿನ ಮೂತಿಯೊಳಗೆ ಸೊಂಟದವರೆಗೂ ಇಳಿದು, ತುಕ್ಕು ಹಿಡಿದ ಒಂದೇ ಒಂದು ಬೋಲ್ಟಿನ ಜೊತೆ ಇಪ್ಪತ್ತು ನಿಮಿಷದಿಂದ ಜಗಳವಾಡುತ್ತಿದ್ದ. ಪಕ್ಕದಲ್ಲಿ ಅಕ್ಕ ಟಾರ್ಚ್ ಹಿಡಿದು ನಿಂತಿದ್ದಳು.

ಕಾರು ಅಕ್ಕನಿಗಿಂತ ಎರಡು ವರ್ಷ ದೊಡ್ಡದು. ಅವರ ಅಮ್ಮ ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ್ದು ಇದೇ ಕಾರಿನಲ್ಲಿ. ಊರಿನ ಅರ್ಧ ಜನ ಕ್ಲಚ್ ಬಿಡುವುದನ್ನು ಕಲಿತದ್ದು ಇದರ ಮೇಲೆ, ಗೇಟಿಗೆ ಗುದ್ದುವುದನ್ನು ಕಲಿತದ್ದೂ ಇದರ ಮೇಲೆಯೇ. ಅಮ್ಮ ಕಾರನ್ನು 'ಯಜಮಾನ್ರು' ಎಂದೇ ಕರೆಯುತ್ತಿದ್ದಳು. 'ಯಜಮಾನ್ರಿಗೆ ಬೆಳಿಗ್ಗೆಯಿಂದ ಹೊಗೆ ಬರ್ತಿದೆ, ಇವತ್ತು ಕ್ಲಾಸಿಲ್ಲ' ಎಂದು ಫೋನಿನಲ್ಲಿ ಹೇಳಿದರೆ ಹೊಸ ವಿದ್ಯಾರ್ಥಿಗಳು ಗಾಬರಿಬೀಳುತ್ತಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ನಗುತ್ತಾ, 'ಈ ಮನೇಲಿ ನಾನು ಎರಡನೇ ಯಜಮಾನ' ಎನ್ನುತ್ತಿದ್ದ. ಅಪ್ಪ ಹೋಗಿ ಎಂಟು ವರ್ಷವಾಗಿತ್ತು. ಅಮ್ಮನಿಗೆ ಮರೆವು ಶುರುವಾಗಿ ಎರಡು ವರ್ಷ.

ಮರೆವು ಅಂದರೆ ಎಲ್ಲವೂ ಮರೆತುಹೋಗಿತ್ತು ಅಂತಲ್ಲ. ಬೆಳಿಗ್ಗೆ ತಿಂಡಿ ತಿಂದದ್ದು ಹತ್ತು ಗಂಟೆಗೆ ನೆನಪಿರುತ್ತಿರಲಿಲ್ಲ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಿದ್ದಳು. ಆದರೆ ಕಾರಿನ ಶಬ್ದ ಕೇಳಿ ಯಾವ ಗೇರಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅವಳು ಇರುತ್ತಿದ್ದದ್ದು ಅಕ್ಕನ ಜೊತೆ. ಅಕ್ಕನದು ಕನ್ನಡಕದ ಅಂಗಡಿ, ಮನೆಯಿಂದ ಎರಡು ಬೀದಿಯಾಚೆ. ಮಧ್ಯಾಹ್ನಕ್ಕೊಮ್ಮೆ ಓಡಿಬಂದು ಅಮ್ಮನಿಗೆ ಊಟ ಹಾಕಿ, ಮಾತ್ರೆ ನುಂಗಿಸಿ, ಮತ್ತೆ ಓಡುತ್ತಿದ್ದಳು. ತಮ್ಮ ಲಿಫ್ಟ್ ರಿಪೇರಿಯವನು. ಊರಿನ ಇನ್ನೊಂದು ತುದಿಯಲ್ಲಿ ಮನೆ.

"ಅಕ್ಕಾ, ಬೆಳಕು ಕೆಳಗೆ ಬಿಡು. ನನ್ನ ಕಿವಿಗೆ ಹಿಡಿದಿದ್ದೀಯ."

ಅವಳು ಟಾರ್ಚ್ ಬಗ್ಗಿಸಿದಳು. ಬೋಲ್ಟು ಕಿರ್ರ್ ಎಂದು ಸಡಿಲವಾಯಿತು. ತಮ್ಮ ಉಸಿರುಬಿಟ್ಟು ಮೇಲೆದ್ದ. ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತಾ, ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡಿಯೇಬಿಟ್ಟ.

"ನಾನು ಆ ಮರೆವಿನವರ ಆರೈಕೆ ಮನೆ ನೋಡ್ಕೊಂಡು ಬಂದೆ. ಚೆನ್ನಾಗಿದೆ. ಹಗಲೂ ರಾತ್ರಿ ಜನ ಇರ್ತಾರೆ."

"ಅಮ್ಮ ಎಲ್ಲೂ ಹೋಗಲ್ಲ."

"ಹೋದ ತಿಂಗಳು ಗ್ಯಾಸ್ ಹಚ್ಚಿಟ್ಟು ಮಲಗಿದ್ಲು."

"ಆಮೇಲೆ ನಾನು ಗ್ಯಾಸಿಗೆ ಬೀಗದ ನಲ್ಲಿ ಹಾಕ್ಸಿದ್ದೀನಿ. ಮಾತ್ರೆ ಡಬ್ಬಿ ಕಪಾಟಲ್ಲಿದೆ, ಕೀ ನನ್ನ ಸೊಂಟದಲ್ಲಿದೆ. ನನ್ನ ಕೈಲಿ ಆಗಲ್ಲ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ?"

"ನಿನ್ನ ಕೈಲಿ ಆಗಲ್ಲ ಅಂತ ನಾನೂ ಅಂತಿಲ್ಲ. ಒಂದು ದಿನ ಒಂದು ತಪ್ಪಾದ್ರೆ ಸಾಕು ಅಂತೀನಿ."

"ಆ ತಪ್ಪು ನನ್ನ ಕೈಯಿಂದ ಆದ ದಿನ ನೀನೇ ಕರ್ಕೊಂಡು ಹೋಗು. ನಾನು ಬಾಯಿ ಬಿಡಲ್ಲ," ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದಳು.

ತಮ್ಮ ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ.

ಹಳೆಯ ರೇಡಿಯೇಟರ್ ಆರು ತಿಂಗಳಿಂದ ಸೋರುತ್ತಿತ್ತು. ಅದರ ಅಡಿಯ ನಲ್ಲಿ ತಿರುಗಿಸಿ, ಒಳಗಿದ್ದ ಮಾಸಲು ಹಸಿರು ನೀರನ್ನು ಅವನು ಬೇಸಿನ್ನಿಗೆ ಇಳಿಸಿಕೊಂಡಿದ್ದ. ಚರಂಡಿಗೆ ಚೆಲ್ಲಬಾರದೆಂದು, ಅಕ್ಕ ಅಡುಗೆಮನೆಯಿಂದ ತಂದುಕೊಟ್ಟ ಖಾಲಿ ಜ್ಯೂಸ್ ಬಾಟಲಿಗಳಲ್ಲಿ ಎರಡಕ್ಕೆ ತುಂಬಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದ. ಇಂಜಿನ್ ತಂಪಾಗಿಡುವ ಹೊಸ ಕೂಲೆಂಟ್ ದ್ರವ ಐದು ಲೀಟರಿನ ಕ್ಯಾನಿನಲ್ಲಿ ಬಂದಿತ್ತು. ಅರ್ಧ ಅದು, ಅರ್ಧ ನೀರು ಬೆರೆಸಿ ಹಾಕಬೇಕೆಂದು ಕ್ಯಾನಿನ ಮೇಲೆ ಬರೆದಿತ್ತು. ಕಣ್ಣಳತೆಯಲ್ಲಿ ಕೆಲಸ ಮಾಡುವುದು ಅಕ್ಕನಿಗೆ ಆಗಿಬರದು. ಜ್ಯೂಸ್ ಬಾಟಲಿ ಸರಿಯಾಗಿ ಒಂದು ಲೀಟರ್ ಹಿಡಿಯುತ್ತದಲ್ಲ ಎಂದು, ಇನ್ನೊಂದು ಖಾಲಿ ಬಾಟಲಿಗೆ ಹೊಸ ಕೂಲೆಂಟನ್ನು ಕತ್ತಿನವರೆಗೆ ಸುರಿದಳು. ಹೊಳೆಯುವ ಹಸಿರು. ಆ ಹೊತ್ತಿಗೇ ತಮ್ಮ, "ಅಕ್ಕಾ, ಬೇಗ ಬಾ, ಕೆಳಗಿನ ಪೈಪು ಹಿಡ್ಕೋ" ಎಂದು ಕೂಗಿದ. ಬಾಟಲಿಯನ್ನು ಅವನ ಎರಡು ಬಾಟಲಿಗಳ ಪಕ್ಕದಲ್ಲಿಟ್ಟು ಓಡಿದಳು.

ಅಮ್ಮ ಹಿತ್ತಲ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತು ಇಬ್ಬರಿಗೂ ಅಪ್ಪಣೆ ಕೊಡುತ್ತಿದ್ದಳು. "ಮೇಲಿನ ಕ್ಲಿಪ್ ಮೊದಲು ಬಿಚ್ಚಬೇಕು ಕಣೋ. ಕೆಳಗಿಂದು ಬಿಚ್ಚಿದ್ರೆ ಮೈಯೆಲ್ಲಾ ಸ್ನಾನ." ತಮ್ಮ ಕೆಳಗಿನದನ್ನೇ ಮೊದಲು ಬಿಚ್ಚಿ ತೋಳಿನವರೆಗೂ ನೆನೆದಿದ್ದ. ಅಮ್ಮ ಮನಸಾರೆ ನಕ್ಕಿದ್ದಳು.

ಹತ್ತೂವರೆಗೆ ಹಳೆಯ ರೇಡಿಯೇಟರ್ ಹೊರಗೆ ಬಂತು. ಕಾರಿನ ಮುಂಭಾಗ ಹಲ್ಲು ಕಿತ್ತ ಬಾಯಿಯಂತೆ ಕಾಣುತ್ತಿತ್ತು. ಇಬ್ಬರೂ ಅದನ್ನು ಹಿಡಿದು ಗೋಡೆಗೆ ಒರಗಿಸಿದರು. ಅಕ್ಕ ಕೈ ತೊಳೆಯಲೆಂದು ಅಮ್ಮನ ಪಕ್ಕದಿಂದ ಹಾದುಹೋಗುವಾಗ ಅಮ್ಮ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಚಾಚಿದಳು.

"ತಗೋ, ಒಳಗಿಡು. ಜ್ಯೂಸಿಗೆ ಸಕ್ಕರೆ ವಿಪರೀತ ಆಯ್ತು ಕಣೇ."

"ಯಾವ ಜ್ಯೂಸಮ್ಮ?"

ಕೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಮನೆಯಲ್ಲಿ ಜ್ಯೂಸೇ ಇರಲಿಲ್ಲ. ಲೋಟದ ತಳದಲ್ಲಿ ಬಳೆಯಷ್ಟಗಲ ಹಸಿರು ಅಂಟಿಕೊಂಡಿತ್ತು. ತಿರುಗಿ ಮೆಟ್ಟಿಲು ನೋಡಿದಳು. ಮೂರು ಬಾಟಲಿಗಳು. ಎರಡರ ಮುಚ್ಚಳ ಬಿಗಿಯಾಗಿತ್ತು. ಮೂರನೆಯದರ ಮುಚ್ಚಳ ಮೆಟ್ಟಿಲ ಮೇಲೆ ಬಿದ್ದಿತ್ತು. ಕತ್ತಿನವರೆಗೆ ಇದ್ದದ್ದು ನಾಲ್ಕು ಬೆರಳು ಇಳಿದಿತ್ತು.

"ಅಮ್ಮಾ, ಇದನ್ನ ಕುಡಿದ್ಯಾ? ಈ ಬಾಟಲೀದನ್ನ?"

"ಯಾವ ಬಾಟಲಿ?"

"ಈಗ ಜ್ಯೂಸು ಅಂದ್ಯಲ್ಲಮ್ಮ!"

"ನನಗೆ ಬಾಯಾರಿಕೆನೇ ಇಲ್ಲ," ಎಂದಳು ಅಮ್ಮ ಪ್ರಶಾಂತವಾಗಿ. "ನೀವು ಏನಾದ್ರೂ ಕುಡೀತೀರಾ?"

ತಮ್ಮ ಓಡಿಬಂದ. ಲೋಟ ನೋಡಿದ, ಬಾಟಲಿ ನೋಡಿದ. ಎರಡೂ ಕೈಯಿಂದ ಹಣೆ ಚಚ್ಚಿಕೊಂಡ. "ನಾನು! ನಾನೇ ತುಂಬಿಟ್ಟಿದ್ದು! ಯಾವ ಬುದ್ಧಿ ಕೆಟ್ಟು ಜ್ಯೂಸ್ ಬಾಟಲಿಗೆ ತುಂಬಿದೆ!"

ಅಕ್ಕ ಬಾಯಿ ತೆರೆದಳು. ಅದು ನಿಂದಲ್ಲ, ನಂದು ಎನ್ನುವ ಮೂರು ಶಬ್ದ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಂದದ್ದು ಬೇರೆ.

"ಮೊದಲು ಆಸ್ಪತ್ರೆಗೆ ನಡಿ."

ಆಂಬುಲೆನ್ಸಿಗೆ ಫೋನು ಮಾಡಿದರೆ, ಊರಿನಲ್ಲಿ ಅಂದು ಓಟದ ಸ್ಪರ್ಧೆ, ಸೇತುವೆಯಾಚೆಯ ರಸ್ತೆಗಳೆಲ್ಲ ಬಂದ್, ಬರಲು ಮುಕ್ಕಾಲು ಗಂಟೆಯಾಗಬಹುದು ಎಂದರು. ವಾಂತಿ ಮಾಡಿಸಬೇಡಿ, ನೀವೇ ಕರೆತರಲು ಆಗುತ್ತದಾ ನೋಡಿ ಎಂದರು. ಆಸ್ಪತ್ರೆ ಸೇತುವೆಯ ಈಚೆಗೇ ಇತ್ತು, ಕಾರಿನಲ್ಲಿ ಹತ್ತು ನಿಮಿಷ. ತಮ್ಮ ಕೀ ಹಿಡಿದು ತನ್ನ ಕಾರಿನತ್ತ ಓಡಿದವನು ಅರ್ಧದಲ್ಲೇ ನಿಂತ.

ಬೆಳಿಗ್ಗೆ ಹಳೆಯ ಕಾರಿಗೆ ಬೆಳಕು ಬೀಳಲೆಂದು ಅದನ್ನು ಶೆಡ್ಡಿನಿಂದ ರಸ್ತೆಗೆ ಓಡಿಸಿ, ನೆರಳಿರಲೆಂದು ತನ್ನ ಕಾರನ್ನು ಶೆಡ್ಡಿನೊಳಗೆ ಹಾಕಿ, ಆಮೇಲೆ ಹಳೆಯದನ್ನು ಹಿಂದಕ್ಕೆ ಓಣಿಗೆ ಇಳಿಸಿ ನಿಲ್ಲಿಸಿದ್ದ. ಓಣಿ ಒಂದು ಕಾರಿನಷ್ಟೇ ಅಗಲ. ಶೆಡ್ಡಿನಿಂದ ರಸ್ತೆಗೆ ಏರು. ರೇಡಿಯೇಟರಿಲ್ಲದ ಯಜಮಾನ್ರು ಚಕ್ರಗಳ ಹಿಂದೆ ಇಟ್ಟಿಗೆ ಇಟ್ಟುಕೊಂಡು ಆ ಏರಿನ ನಟ್ಟನಡುವೆ ನಿಂತಿದ್ದರು.

"ತಳ್ಳೋಣ," ಎಂದ ತಮ್ಮ.

ತಳ್ಳಿದರು. ಅಕ್ಕನ ಚಪ್ಪಲಿ ಜಾರಿತು, ತಮ್ಮನ ಕತ್ತಿನ ನರ ಉಬ್ಬಿತು. ಕಾರು ಒಂದಡಿ ಮುಂದೆ ಹೋಗಿ, ಒಂದಡಿ ಹಿಂದೆ ಬಂದು, ಇಟ್ಟಿಗೆಗೆ ಕೂತಿತು. ಎದುರು ಮನೆಯ ಬಾಗಿಲು ಬಡಿದರು. ಬೀಗ. ಪಕ್ಕದ ಮನೆಯಲ್ಲಿ ಇದ್ದದ್ದು ಹಾಸಿಗೆ ಹಿಡಿದ ಮುದುಕರೊಬ್ಬರು. ಬೀದಿಯ ಜನವೆಲ್ಲ ಓಟ ನೋಡಲು ಹೋಗಿತ್ತು. ಅಮ್ಮ ಕುಡಿದು ಎಷ್ಟು ಹೊತ್ತಾಯಿತು? ಹತ್ತು ನಿಮಿಷವೋ, ಅರ್ಧ ಗಂಟೆಯೋ?

"ಏನು ಮಾಡ್ತಿದ್ದೀರಿ ನೀವಿಬ್ರೂ?"

ಅಮ್ಮ ಕುರ್ಚಿ ಬಿಟ್ಟೆದ್ದು ಓಣಿಗೆ ಬಂದಿದ್ದಳು. ನಡಿಗೆಯಲ್ಲಿ ಸಣ್ಣ ಓಲಾಟವಿತ್ತು. ಮಾತು ತುಸು ದಪ್ಪವಾಗಿತ್ತು.

"ಗಾಡಿ ರಸ್ತೆಗೆ ಹೋಗ್ಬೇಕಮ್ಮ. ಇಂಜಿನ್ ಸ್ಟಾರ್ಟ್ ಮಾಡೋ ಹಾಗಿಲ್ಲ. ಎದುರಿಗೆ ಏನೂ ಇಲ್ಲ, ಪೈಪು ನೇತಾಡ್ತಿದೆ, ಒಳಗೆ ನೀರಿಲ್ಲ."

"ಇಂಜಿನ್ ಯಾರು ಸ್ಟಾರ್ಟ್ ಮಾಡು ಅಂದ್ರು? ಕಿಡಿ ಕೊಡೋ ಕಾಯಿಲಿನ ವೈರ್ ಕಿತ್ತಾಕು, ಇಂಜಿನ್ ಹತ್ಕೊಳ್ಳಲ್ಲ. ಫಸ್ಟ್ ಗೇರ್ ಹಾಕು. ಕ್ಲಚ್ ಪೂರ್ತಿ ಬಿಡು. ಕೀ ತಿರುಗಿಸಿ ಹಿಡ್ಕೋ. ಸ್ಟಾರ್ಟರ್ ಮೋಟಾರೇ ಎಳ್ಕೊಂಡು ಹೋಗುತ್ತೆ. ಎಷ್ಟು ಸಲ ಹೇಳ್ಕೊಟ್ಟಿದ್ದೀನಿ, ರೈಲ್ವೆ ಗೇಟಿನ ಮಧ್ಯ ಗಾಡಿ ನಿಂತ್ರೆ ಏನು ಮಾಡ್ಬೇಕು ಅಂತ!"

ತಮ್ಮ ಆಗಲೇ, ಬೆಳಿಗ್ಗೆ ಬಿಚ್ಚಿಟ್ಟಿದ್ದ ಬ್ಯಾಟರಿಯ ವೈರುಗಳನ್ನು ಮತ್ತೆ ಸಿಕ್ಕಿಸುತ್ತಿದ್ದ. ಕಾಯಿಲಿನ ವೈರ್ ಎಳೆದು ಪಕ್ಕಕ್ಕೆ ಸರಿಸಿ, ಬಾನೆಟ್ ಧಡ್ಡೆಂದು ಮುಚ್ಚಿದ. ಅಕ್ಕ ಸೀಟಿಗೆ ಹಾರಿದಳು. ಫಸ್ಟ್ ಗೇರ್. ಕ್ಲಚ್ಚಿನಿಂದ ಕಾಲು ತೆಗೆದು ಕೀ ತಿರುಗಿಸಿದಳು. ಕಾರು ನರಳಿತು. ಕಪ್ಪೆಯಂತೆ ಒಂದು ಕುಪ್ಪಳಿಕೆ, ಇನ್ನೊಂದು ಕುಪ್ಪಳಿಕೆ. ತಮ್ಮ ಹಿಂದಿನಿಂದ ಭುಜ ಕೊಟ್ಟು ತಳ್ಳುತ್ತಿದ್ದ. ಅಮ್ಮ ಪಕ್ಕದಲ್ಲಿ ಗೋಡೆ ಹಿಡಿದು ನಡೆಯುತ್ತಾ, "ಬಿಡಬೇಡ, ಬಿಡಬೇಡ, ಎಡಕ್ಕೆ ಹೊಡಿ, ಹ್ಞಾಂ, ಈಗ ನೇರ ಮಾಡು," ಎನ್ನುತ್ತಿದ್ದಳು. ಕಾರು ಏದುಸಿರು ಬಿಡುತ್ತಾ ಏರು ಹತ್ತಿ, ರಸ್ತೆಯ ಅಂಚು ದಾಟಿ, ಓರೆಯಾಗಿ ನಿಂತಿತು. ಬ್ಯಾಟರಿ ಅಲ್ಲಿಗೆ ಮುಗಿಯಿತು.

"ಪಾಸು," ಎಂದಳು ಅಮ್ಮ. ಆಮೇಲೆ ಮೆಲ್ಲಗೆ ಗೋಡೆಗೆ ಒರಗಿ, "ತಲೆ ಸುತ್ತುತ್ತೆ ಕಣೇ," ಎಂದಳು.

ಆಸ್ಪತ್ರೆಯ ದಾರಿಯುದ್ದಕ್ಕೂ ತಮ್ಮ ತನ್ನ ಕಾರು ಓಡಿಸುತ್ತಾ ಒಂದೇ ಮಾತು ಹೇಳುತ್ತಿದ್ದ. "ನಾನು ನಿನಗೆ ಬುದ್ಧಿ ಹೇಳೋಕೆ ಬಂದೆ ಅಕ್ಕಾ. ಆರೈಕೆ ಮನೆ ಅಂತೆ! ನನ್ನ ಕೈಯಿಂದಲೇ ಆಯ್ತು." ಅವನ ಕಣ್ಣಲ್ಲಿ ನೀರು ತುಂಬಿ ರಸ್ತೆ ಸರಿಯಾಗಿ ಕಾಣುತ್ತಿದೆಯೋ ಇಲ್ಲವೋ ಎಂಬಂತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಅಕ್ಕನ ಪಕ್ಕದಲ್ಲಿ, ಒಂದು ಚೀಲದಲ್ಲಿ, ಆ ಬಾಟಲಿಯಿತ್ತು. ಈಗ ಹೇಳುತ್ತೇನೆ, ಆ ತಿರುವು ದಾಟಲಿ ಎಂದುಕೊಂಡಳು. ತಿರುವು ದಾಟಿತು. ಅವನು ಗಾಡಿ ಓಡಿಸುತ್ತಿದ್ದಾನೆ, ಈಗ ಬೇಡ, ಆಸ್ಪತ್ರೆ ಸೇರಲಿ ಎಂದುಕೊಂಡಳು. ತನ್ನ ಮೌನಕ್ಕೆ ತಾನೇ ಕಾರಣ ಹುಡುಕಿಕೊಡುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಆಡಿದ ಮಾತು ಕಿವಿಯಲ್ಲೇ ಇತ್ತು. ಆ ತಪ್ಪು ನನ್ನ ಕೈಯಿಂದ ಆದ ದಿನ ನೀನೇ ಕರ್ಕೊಂಡು ಹೋಗು. ಅಮ್ಮ ಬದುಕಿದರೂ ಅಮ್ಮ ತನ್ನ ಮನೆಯಲ್ಲಿರುವುದಿಲ್ಲ.

ತುರ್ತು ವಿಭಾಗದಲ್ಲಿ ಅಮ್ಮನನ್ನು ಹಾಸಿಗೆಗೆ ಹಾಕಿದರು. ಡ್ಯೂಟಿ ಡಾಕ್ಟರು ಮೂವತ್ತರ ಹೆಂಗಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಅಮ್ಮನ ನಾಡಿ, ಕಣ್ಣು, ಉಸಿರು ನೋಡಿ, ರಕ್ತ ತೆಗೆಯಲು ನರ್ಸಿಗೆ ಹೇಳಿ, ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಇವರ ಕಡೆ ತಿರುಗಿದರು.

"ಎಷ್ಟು ಕುಡಿದಿದ್ದಾರೆ?"

"ಗೊತ್ತಿಲ್ಲ ಡಾಕ್ಟ್ರೇ," ಎಂದ ತಮ್ಮ. "ಒಂದೆರಡು ಗುಟುಕು ಇರಬಹುದು. ಸ್ವಲ್ಪ ಚೆಲ್ಲಿರಲೂಬಹುದು."

"ಹೊಸ ಕೂಲೆಂಟಾ, ಗಾಡಿಯಿಂದ ತೆಗೆದಿದ್ದಾ?"

"ತೆಗೆದಿದ್ದು. ನಾನೇ ಇಳಿಸಿದ್ದು. ಅದ್ರಲ್ಲಿ ಮುಕ್ಕಾಲು ಪಾಲು ಬರೀ ನೀರು. ರೇಡಿಯೇಟರ್ ಸೋರ್ತಿತ್ತಲ್ಲ, ಆರು ತಿಂಗಳಿಂದ ನೀರೇ ತುಂಬ್ತಾ ಬಂದಿದ್ವಿ."

ಡಾಕ್ಟರ ಭುಜ ತುಸು ಸಡಿಲವಾದದ್ದು ಅಕ್ಕನಿಗೆ ಕಂಡಿತು. "ಹಾಗಾದ್ರೆ ಪರವಾಗಿಲ್ಲ. ಒಂದೆರಡು ಗುಟುಕು, ಅದೂ ನೀರು ಬೆರೆತದ್ದು. ತಲೆಸುತ್ತು ಗಾಬರಿಗೂ ಬಂದಿರಬಹುದು, ವಯಸ್ಸಾಗಿದೆ. ರಕ್ತದ ವರದಿ ಬರೋಕೆ ಎರಡು ಗಂಟೆ ಬೇಕು. ಅದನ್ನ ನೋಡಿ ಮುಂದಿನದು ಯೋಚ್ನೆ ಮಾಡೋಣ. ಚಿಕಿತ್ಸೆ ಸುಲಭದ್ದಲ್ಲ, ಸುಮ್ಮನೆ ಈ ವಯಸ್ಸಿನವರಿಗೆ ಕೊಡೋದು ಬೇಡ."

ಡಾಕ್ಟರು ಕಾಗದದ ಮೇಲೆ ಬರೆಯತೊಡಗಿದರು. ಅಕ್ಕ ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರ ಓದಿದಳು. ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿಯ ಕೌಂಟರಿನ ಈಚೆ ನಿಂತು ಡಾಕ್ಟರ ಚೀಟಿಗಳನ್ನು ಎಲ್ಲ ಕಡೆಯಿಂದಲೂ ಓದಿದ ಕಣ್ಣು ಅವಳದು. ಹಳೆಯದು, ನೀರು ಬೆರೆತದ್ದು, ಅಲ್ಪ ಪ್ರಮಾಣ. ಬಾಯಿಮಾತಿನಲ್ಲಿ ಇದ್ದಾಗ ಅದು ತಮ್ಮನ ತಪ್ಪುಗ್ರಹಿಕೆಯಷ್ಟೇ ಆಗಿತ್ತು. ಈಗ ಶಾಯಿಯಲ್ಲಿ ಕೂತಿತು. ಚೀಟಿಯ ಮೇಲೆ ಒಂದು ಅಂಕಿ ತಪ್ಪಾಗಿ ಬಿದ್ದರೆ ಆ ಅಂಕಿಯಂತೆಯೇ ಗಾಜು ತಯಾರಾಗುತ್ತದೆ. ತಪ್ಪು ಗಾಜು ಹಾಕಿಕೊಂಡವನು ಮೆಟ್ಟಿಲಿಂದ ಬೀಳುತ್ತಾನೆ.

"ಅದು ತಪ್ಪು," ಎಂದಳು.

ಡಾಕ್ಟರು ತಲೆಯೆತ್ತಿದರು.

"ಅದು ಹಳೇದಲ್ಲ. ಹೊಸದು. ಕ್ಯಾನಿಂದ ನಾನೇ ಬಗ್ಗಿಸಿದ್ದು. ಒಂದು ತೊಟ್ಟೂ ನೀರು ಹಾಕಿರ್ಲಿಲ್ಲ." ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಬೆರಳಿಟ್ಟು ತೋರಿಸಿದಳು. "ಇಲ್ಲೀವರೆಗೆ ತುಂಬಿದ್ದೆ. ಈಗ ಇಲ್ಲಿಗಿದೆ. ಮೆಟ್ಟಿಲ ಮೇಲೆ ಚೆಲ್ಲಿದ ಗುರುತು ಇರ್ಲಿಲ್ಲ, ನಾನು ನೋಡಿದೀನಿ. ಒಂದು ಲೋಟದಷ್ಟು ಹೋಗಿದೆ. ಹತ್ತು ಗಂಟೆ ಐದು ನಿಮಿಷಕ್ಕೆ ಬಾಟಲಿ ಅಲ್ಲಿಟ್ಟೆ. ಹತ್ತೂವರೆಗೆ ಲೋಟ ನನ್ನ ಕೈಗೆ ಬಂತು. ಅದರ ನಡುವೆ ಯಾವಾಗ್ಲೋ ಕುಡಿದಿದ್ದಾಳೆ."

ತಮ್ಮ ತನ್ನನ್ನೇ ನೋಡುತ್ತಿದ್ದಾನೆಂದು ಅಕ್ಕನಿಗೆ ಗೊತ್ತಿತ್ತು. ಅವಳು ಅವನ ಕಡೆ ತಿರುಗಲಿಲ್ಲ.

ಡಾಕ್ಟರು ಬರೆದದ್ದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದರು. ಗಡಿಯಾರ ನೋಡಿದರು. ಹನ್ನೊಂದು ಹತ್ತು. ಆಮೇಲೆ ಎಲ್ಲವೂ ಬೇಗಬೇಗ ನಡೆಯಿತು.

"ಕೇಳಿ. ಇದು ಹೊಟ್ಟೆಗೆ ಹೋದ ತಕ್ಷಣ ಅಷ್ಟು ವಿಷ ಅಲ್ಲ. ಒಳಗೆ ಕರಗಿ ಇನ್ನೊಂದಾಗುತ್ತಲ್ಲ, ಆಗ ವಿಷ. ಕಿಡ್ನಿ ಹಿಡ್ಕೊಳ್ಳುತ್ತೆ. ಕರಗೋದನ್ನ ತಡೀಬೇಕು. ಅದಕ್ಕೇ ಅಂತ ಇರೋ ಔಷಧಿ ನಮ್ಮಲ್ಲಿಲ್ಲ, ದೊಡ್ಡಾಸ್ಪತ್ರೆಯಿಂದ ತರಿಸ್ತೀನಿ, ಮಧ್ಯಾಹ್ನ ದಾಟುತ್ತೆ. ಅಲ್ಲೀವರೆಗೂ ಮದ್ಯ ಕೊಡಬೇಕು."

"ಮದ್ಯ?" ಎಂದ ತಮ್ಮ.

"ಹೌದು. ದೇಹ ಮೊದಲು ಅದನ್ನ ಕರಗಿಸೋದ್ರಲ್ಲೇ ಮುಳುಗಿರುತ್ತೆ, ಇದರ ತಂಟೆಗೆ ಹೋಗಲ್ಲ. ಒಳ್ಳೇ ಬಾಟಲಿ, ಮುಚ್ಚಳ ಒಡೆಯದೇ ಇರೋದು ತನ್ನಿ. ಓಡಿ!"

ತಮ್ಮ ಓಡಿದ. ಜನ್ಮದಲ್ಲೇ ಹೆಂಡದಂಗಡಿಯ ಮೆಟ್ಟಿಲು ಹತ್ತದವನು, ತೋಳಿನವರೆಗೂ ಗ್ರೀಸು ಬಳಿದುಕೊಂಡು ಬೆಳಿಗ್ಗೆ ಹನ್ನೊಂದು ಗಂಟೆಗೆ ಅಂಗಡಿಗೆ ನುಗ್ಗಿ 'ಒಳ್ಳೇದು ಕೊಡಿ, ನಮ್ಮಮ್ಮನಿಗೆ' ಎಂದನಂತೆ. ಅಂಗಡಿಯವನು ಮಾತಾಡದೆ ಎತ್ತಿಕೊಟ್ಟನಂತೆ.

ನರ್ಸು ಅಳತೆಯ ಕಪ್ಪಿನಲ್ಲಿ ಹಾಕಿ, ನೀರು ಬೆರೆಸಿ ಅಮ್ಮನ ತುಟಿಗೆ ಹಿಡಿದಳು. ಅಮ್ಮ ಮೂಸಿ, ಮುಖ ಹಿಂಡಿ, ಕಪ್ಪನ್ನು ದೂರ ತಳ್ಳಿದಳು.

"ನಾನು ಕ್ಲಾಸಿರೋ ದಿನ ಇದನ್ನೆಲ್ಲ ಮುಟ್ಟಲ್ಲ. ಲೈಸೆನ್ಸ್ ಕಿತ್ಕೋತಾರೆ."

"ಇವತ್ತು ಭಾನುವಾರ ಅಮ್ಮ," ಎಂದಳು ಅಕ್ಕ. "ಕ್ಲಾಸಿಲ್ಲ."

ಅಮ್ಮ ಯೋಚಿಸಿದಳು. "ಗಾಡಿ ಯಾರು ಓಡಿಸ್ತಾರೆ ವಾಪಸ್ಸು?"

"ತಮ್ಮ ಓಡಿಸ್ತಾನೆ."

"ಹಾಗಾದ್ರೆ ಸರಿ." ಕಣ್ಣು ಮುಚ್ಚಿ ಗಟಗಟ ಕುಡಿದಳು.

ಗಂಟೆಗೊಂದು ಸಲ ಕಪ್ಪು ಬರುತ್ತಿತ್ತು. ಎರಡನೆಯ ಕಪ್ಪಿನ ಹೊತ್ತಿಗೆ ಅಮ್ಮ ನರ್ಸಿಗೆ ರಿವರ್ಸ್ ತೆಗೆಯುವುದು ಹೇಳಿಕೊಡತೊಡಗಿದ್ದಳು. ಹಾಸಿಗೆಯನ್ನು ತುರ್ತು ವಿಭಾಗದಿಂದ ಒಳಗಿನ ವಾರ್ಡಿಗೆ ತಳ್ಳಿಕೊಂಡು ಹೋಗುವಾಗ, "ತಿರುವಲ್ಲಿ ಹಾರ್ನ್ ಹೊಡೀರಿ!" ಎಂದು ವಾರ್ಡ್‌ಬಾಯಿಯನ್ನು ಗದರಿಸಿದಳು. ನಗು ಬರುವಂಥದ್ದೇ. ಆದರೆ ಅಮ್ಮನ ಮಾತು ತೊದಲುತ್ತಿರುವುದು ಔಷಧಿಗೋ ವಿಷಕ್ಕೋ ಎಂದು ತಿಳಿಯದೆ ಅಕ್ಕ ಅವಳ ಉಸಿರನ್ನೇ ಎಣಿಸುತ್ತಿದ್ದಳು.

ಹೊರಗಿನ ಬೆಂಚಿನ ಮೇಲೆ ತಮ್ಮ ಒಂದು ತುದಿಗೆ, ಅಕ್ಕ ಇನ್ನೊಂದು ತುದಿಗೆ ಕೂತರು. ನಡುವೆ ನಾಲ್ಕು ಜನ ಕೂರುವಷ್ಟು ಜಾಗ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಒಂದು ಗಂಟೆ ಹೊತ್ತು ಅವನು ತನ್ನ ಬೆರಳಿನ ಗ್ರೀಸನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದ.

"ದಾರಿಯುದ್ದಕ್ಕೂ ನಾನು ಅಳ್ತಿದ್ದೆ," ಎಂದ ಕೊನೆಗೆ, ನೆಲ ನೋಡುತ್ತಾ. "ನೀನು ಕೇಳಿಸ್ಕೊಂಡು ಕೂತಿದ್ದೆ."

"ಹೌದು."

"ಹೇಳಬೇಕು ಅನ್ನಿಸ್ಲಿಲ್ವಾ?"

"ಪ್ರತಿ ತಿರುವಿಗೂ ಅನ್ನಿಸ್ತು. ನೀನು ಅಮ್ಮನ್ನ ಕರ್ಕೊಂಡು ಹೋಗ್ತೀಯ ಅಂತ ಹೆದರ್ಕೊಂಡೆ." "ಇನ್ನೊಂದು ಐದು ನಿಮಿಷ ಸುಮ್ಮನಿದ್ದಿದ್ರೆ ಕರ್ಕೊಂಡು ಹೋಗೋಕೆ ಅಮ್ಮನೇ ಇರ್ತಿರ್ಲಿಲ್ವೇನೋ. ನಿನ್ನ ಮುಖ ನೋಡೋ ಯೋಗ್ಯತೆ ನನಗಿಲ್ಲ."

ತಮ್ಮ ಎದ್ದುಹೋದ. ಹೊರಟೇಹೋದನೆಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಎರಡು ಟೀ ಹಿಡಿದು ಬಂದು, ಒಂದನ್ನು ಅವಳ ಪಕ್ಕದಲ್ಲಿಟ್ಟು, ಮತ್ತೆ ತನ್ನ ತುದಿಗೇ ಹೋಗಿ ಕೂತ.

ಒಂದೂಮುಕ್ಕಾಲಿಗೆ ಡಾಕ್ಟರು ವರದಿ ಹಿಡಿದು ಬಂದರು. ಇಬ್ಬರೂ ಒಟ್ಟಿಗೇ ಎದ್ದು ನಿಂತರು.

"ಕುಡಿದಿದ್ದಾರೆ. ನೀವು ಹೇಳಿದಷ್ಟೇ ಹೋಗಿದೆ ಅಂತ ಕಾಣುತ್ತೆ, ಒಂದು ಲೋಟದ ಹತ್ರ. ಆದ್ರೆ ರಕ್ತ ಇನ್ನೂ ಕೆಟ್ಟಿಲ್ಲ, ಕಿಡ್ನಿ ಕೆಲಸ ಮಾಡ್ತಿದೆ. ಔಷಧಿ ಬಂತು, ಈಗ ಶುರು ಮಾಡ್ತೀವಿ. ಸಂಜೆ ಡಯಾಲಿಸಿಸ್‌ಗೆ ಹಾಕಿ ಉಳಿದದ್ದನ್ನೂ ತೊಳೆದುಬಿಡ್ತೀವಿ." ಹೋಗಲು ತಿರುಗಿದವರು ನಿಂತು, ಅಕ್ಕನ ಕಡೆ ನೋಡಿ ಹೇಳಿದರು. "ನೀವು ಹೇಳ್ದೇ ಇದ್ದಿದ್ರೆ ವರದಿ ಬರೋವರೆಗೆ ನಾನು ಕಾಯ್ತಿದ್ದೆ. ಕಾದಿದ್ರೆ ಇಷ್ಟು ಹೊತ್ತಿಗೆ ಬೇರೆ ಮಾತಾಡ್ಬೇಕಾಗ್ತಿತ್ತು."

ಅದು ಹೊಗಳಿಕೆಯೋ ಎಚ್ಚರಿಕೆಯೋ ಅಕ್ಕನಿಗೆ ತಿಳಿಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತಳು, ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ತಮ್ಮ ನಿಂತೇ ಇದ್ದ. ಆಮೇಲೆ ಬಂದು ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕೂತ.

ಅಮ್ಮ ಐದು ದಿನ ಆಸ್ಪತ್ರೆಯಲ್ಲಿದ್ದಳು. ಎರಡನೆಯ ದಿನ ಮೂತ್ರ ಕಡಿಮೆಯಾಗಿ ಅಕ್ಕ ತಮ್ಮ ಇಬ್ಬರೂ ರಾತ್ರಿಯಿಡೀ ಎಚ್ಚರವಿದ್ದರು. ಮೂರನೆಯ ದಿನ ಸರಿಹೋಯಿತು. ನಾಲ್ಕನೆಯ ದಿನ ನನ್ನನ್ನು ಯಾಕೆ ಇಲ್ಲಿಟ್ಟಿದ್ದೀರಿ, ನನಗೇನಾಗಿದೆ ಎಂದು ಇಪ್ಪತ್ತು ಸಲ ಕೇಳಿದಳು. ಇಪ್ಪತ್ತೂ ಸಲ ಅಕ್ಕ, "ನನ್ನ ಕೈಯಿಂದ ಒಂದು ತಪ್ಪಾಯ್ತಮ್ಮ," ಎಂದಳು. ಇಪ್ಪತ್ತೂ ಸಲ ಅಮ್ಮ, "ಹೋಗ್ಲಿ ಬಿಡು, ಕಲಿಯೋವಾಗ ಆಗುತ್ತೆ," ಎಂದಳು.

ಮನೆಗೆ ಕರೆದುಕೊಂಡು ಬರುವ ಹಿಂದಿನ ಸಂಜೆ ಅಕ್ಕನೇ ಮಾತು ತೆಗೆದಳು. "ಕೊಟ್ಟ ಮಾತಿಗೆ ನಾನು ತಪ್ಪಲ್ಲ. ಆ ಆರೈಕೆ ಮನೆ ನೋಡೋಕೆ ಯಾವಾಗ ಹೋಗೋಣ ಹೇಳು."

"ಮೆಟ್ಟಿಲ ಮೇಲೆ ಬಾಟಲಿ ಮೂರಿದ್ವು ಅಕ್ಕಾ. ಎರಡು ನಂದು. ಅಮ್ಮ ನಿಂದನ್ನ ಎತ್ಕೊಂಡ್ಲು, ಅಷ್ಟೇ," ಎಂದ ತಮ್ಮ. "ಕಾರಲ್ಲಿ ಸುಮ್ಮನೆ ಕೂತಿದ್ದಕ್ಕೆ ನನಗಿನ್ನೂ ಸಿಟ್ಟಿದೆ. ಅದು ಇಳಿಯೋಕೆ ಟೈಮ್ ಬೇಕು. ಅಮ್ಮನ ವಿಷಯ ಬೇರೆ."

ಕೊನೆಗೆ ಇಬ್ಬರೂ ಹೋಗಿ ನೋಡಿದರು. ಹಗಲು ಹೊತ್ತು ಮಾತ್ರ ಬಿಟ್ಟುಬರುವ ಏರ್ಪಾಡೂ ಅಲ್ಲಿತ್ತು. ಅಕ್ಕ ಅಂಗಡಿಯಲ್ಲಿರುವಷ್ಟು ಹೊತ್ತು ಅಮ್ಮ ಅಲ್ಲಿ, ಸಂಜೆ ಮನೆಗೆ ಎಂದಾಯಿತು. ಅಕ್ಕನಿಗೆ ಇದು ಸೋಲೆನ್ನಿಸಿತು; ಮೊದಲ ವಾರ ಅಮ್ಮನನ್ನು ಬಿಟ್ಟು ಬರುವಾಗಲೆಲ್ಲ ಗೇಟಿನ ಹೊರಗೆ ಕಾಲು ಗಂಟೆ ನಿಂತಿರುತ್ತಿದ್ದಳು. ಒಳಗಿನಿಂದ ಅಮ್ಮನ ಧ್ವನಿ ಕೇಳಿಸುತ್ತಿತ್ತು, ಯಾರಿಗೋ ಕನ್ನಡಿ ನೋಡದೆ ಲೇನ್ ಬದಲಿಸಬಾರದೆಂದು ಗದರುತ್ತಿದ್ದಳು.

ಹಳೆಯ ಕಾರು ಮೂರು ವಾರ ರಸ್ತೆಯ ಅಂಚಿನಲ್ಲೇ ಓರೆಯಾಗಿ ನಿಂತಿತ್ತು. ಮೂರನೆಯ ಭಾನುವಾರ ತಮ್ಮ ತಾನಾಗಿಯೇ ಬಂದ. ಕೂಲೆಂಟಿನ ಕ್ಯಾನಿಗೆ ಕೆಂಪು ಬಣ್ಣದಲ್ಲಿ ದಪ್ಪಕ್ಕೆ 'ವಿಷ' ಎಂದು ಬರೆದು, ಅದನ್ನು ತನ್ನ ಕಾರಿನ ಡಿಕ್ಕಿಯಲ್ಲೇ ಬೀಗ ಹಾಕಿಟ್ಟು, ಬೇಕಾದಾಗ ಮಾತ್ರ ತೆಗೆದ. ಹೊಸ ರೇಡಿಯೇಟರನ್ನು ಇಬ್ಬರೂ ಹಿಡಿದು ಇಳಿಸಿದರು. ಬೋಲ್ಟುಗಳನ್ನು ಅವನು ಬಿಗಿದ, ಪೈಪುಗಳ ಕ್ಲಿಪ್ಪುಗಳನ್ನು ಅವಳು ಬಿಗಿದಳು. ಅಳತೆಯ ಜಗ್ಗಿನಲ್ಲೇ ಬೆರೆಸಿ ತುಂಬಿದರು. ಅಮ್ಮ ಈ ಸಲ ಕಾರಿನೊಳಗೆ, ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಕೀ ತಮ್ಮನ ಜೇಬಿನಲ್ಲಿತ್ತು.

ಚಾರ್ಜ್ ಮಾಡಿಸಿದ ಬ್ಯಾಟರಿ ಸಿಕ್ಕಿಸಿ, ಕಾಯಿಲಿನ ವೈರ್ ಮತ್ತೆ ಜೋಡಿಸಿ, ತಮ್ಮ ಕೀ ತಿರುಗಿಸಿದ. ಇಂಜಿನ್ ಶುರುವಾದಾಗ ಇಬ್ಬರೂ ಕಿಟಕಿಯಿಂದ ತಲೆ ತೂರಿಸಿ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಾ ನಿಂತರು. ಮುಳ್ಳು ಏರಿತು. ಅರ್ಧಕ್ಕೆ ಬಂತು. ಅರ್ಧ ದಾಟಿತು. ತಮ್ಮನ ಕೈ ಕೀಯ ಹತ್ತಿರ ಹೋಯಿತು.

"ಒಳಗೆ ಗಾಳಿ ನಿಂತಿದೆ. ಮುಟ್ಟಬೇಡ, ಈಗ ಇಳಿಯುತ್ತೆ," ಎಂದಳು ಅಮ್ಮ.

ಒಳಗೆಲ್ಲೋ ಬುಳಕ್ ಎಂದಿತು. ಮುಳ್ಳು ನಡುಗಿ, ಮೆಲ್ಲಗೆ ಇಳಿದು, ಅರ್ಧದಲ್ಲಿ ನಿಂತಿತು. ತಮ್ಮ ಬಾನೆಟ್ಟಿನಡಿಗೆ ಬಗ್ಗಿ ಒಂದೊಂದೇ ಜೋಡಣೆಯ ಕೆಳಗೆ ಕೈ ಹಿಡಿದು ನೋಡಿದ.

"ಎಲ್ಲೂ ಸೋರ್ತಿಲ್ಲ," ಎಂದ. ನಂತರ, ಮೂರು ವಾರದಲ್ಲಿ ಮೊದಲ ಸಲ ಅಕ್ಕನ ಮುಖ ನೇರವಾಗಿ ನೋಡಿ, "ನೀನೂ ಒಂದ್ಸಲ ನೋಡು ಬಾ," ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ.